ದೂಜಣ್ಣ ಬರೆದ ಮಾರ

ಮುಂಬೈ ಮುಲುಂಡಿನ ದೂಜಣ್ಣನ ಹೊಟ್ಟೆಪಾಡು ಬಿಲ್ಡಿಂಗುಗಳಿಗೆ ಬಣ್ಣ ಬಳಿಯುವುದು. ಜೀವ ಮಾತ್ರ ಇದ್ದದ್ದು ಯಕ್ಷಗಾನದಲ್ಲಿ. ಮಾಟುಂಗದಲ್ಲಿ ಆಟವಿದ್ದರೆ ರಾಕ್ಷಸ ವೇಷದವನ ಮುಖ ಇವನ ಕೈಗೇ ಬರಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಮುಳ್ಳುಮುಳ್ಳಾಗಿ ಚಿಟ್ಟಿ ಇಡುತ್ತ ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ. ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಅದನ್ನೆಲ್ಲ ಒರೆಸುವವನೂ ಇವನೇ. ಇಷ್ಟು ವರ್ಷ ಬರೆದ ಮುಖಗಳಲ್ಲಿ ಒಂದೂ ಮರುದಿನದ ಬೆಳಕು ಕಂಡಿರಲಿಲ್ಲ.

ಹಾಗಿರುವಾಗ ಹತ್ತಿರದ ಬುದ್ಧವಿಹಾರದ ಗೋಡೆಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ವಿಹಾರ ನೋಡಿಕೊಳ್ಳುವ ಕಲಬುರಗಿಯ ಕಸ್ತೂರಿಬಾಯಿ ಕತೆ ಹೇಳಿದಳು. ಬೋಧಿಮರದಡಿ ಕೂತವನನ್ನು ಎಬ್ಬಿಸಲು, ಆಸೆ ಹುಟ್ಟಿಸಿ ಕೆಡಿಸುವ ಮಾರ ಬಂದ. ಹೆಣ್ಣುಮಕ್ಕಳನ್ನು ಕುಣಿಸಿದ, ಸೈನ್ಯ ತಂದ, ಕೊನೆಗೆ ಈ ಜಾಗ ನಿನ್ನದೆನ್ನಲು ಸಾಕ್ಷಿ ಯಾರು ಎಂದ. ಬುದ್ಧ ಬಲಗೈ ಇಳಿಸಿ ನೆಲ ಮುಟ್ಟಿದ. ಭೂಮಿಯೇ ಸಾಕ್ಷಿ ಹೇಳಿತು.

ದೂಜಣ್ಣನ ಕಿವಿಗೆ ಬಿದ್ದದ್ದು ಮಾರ ಬಂದ ಎನ್ನುವವರೆಗೆ ಮಾತ್ರ. ಬುದ್ಧನನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ, ಮಾರನ ಮುಖಕ್ಕೆ ವಾರಗಟ್ಟಲೆ ಕೂತ. ರಂಗಸ್ಥಳಕ್ಕೆ ರಾಕ್ಷಸ ಬಂದರೆ ದೇವರೂ ಒಂದು ಗಳಿಗೆ ಬದಿಗೆ ಸರಿಯಬೇಕು, ಇದು ಅವನ ಶಾಸ್ತ್ರ.

"ದೂಜಣ್ಣ, ಮಂದಿ ಬುದ್ಧಗ ಬೆನ್ನ ತಿರುವಿ ಇವನ ಜೋಡಿ ಸೆಲ್ಫಿ ತಗೋತಾರ. ನಿಮ್ಮ ಗ್ವಾಡಿ ಮ್ಯಾಲ ಮಾರನೇ ಗೆದ್ದಾನ ನೋಡ್ರಿ. ಸ್ವಲ್ಪ ಮಂಕ ಮಾಡ್ರಿ," ಎಂದಳು ಕಸ್ತೂರಿಬಾಯಿ.

"ಅದು ಆಯಿಲ್ ಪೇಂಟ್, ಬಾಯಿ. ಈಗ ಎಂಥ ಮಾಡ್ಲಿಕ್ಕೂ ಆಗುದಿಲ್ಲ."

ಆಗುತ್ತಿತ್ತು. ಮನಸ್ಸಿರಲಿಲ್ಲ, ಅಷ್ಟೇ. ತಾನು ಬರೆದ ಮುಖವನ್ನು ಬೆಳಗಿನ ಬಿಸಿಲಲ್ಲಿ ನೋಡುವ ಸುಖ ಅವನಿಗೆ ಹೊಸದು. ದಿನಾ ಕೆಲಸಕ್ಕೆ ಹೊರಟವನು ವಿಹಾರ ಹೊಕ್ಕು ನಿಂತುಬಿಡುವನು. ಒಂದು ದಿನ ಲೋಕಲ್ ತಪ್ಪಿತು, ದಾದರಿನಲ್ಲಿ ಮೇಸ್ತ್ರಿ ಬೈದ. ಮರುದಿನವೂ ತಪ್ಪಿತು. ಮಾರ ಬುದ್ಧನನ್ನು ಬಿಟ್ಟು ತನಗೇ ಗಂಟುಬಿದ್ದಿದ್ದಾನೆ ಎಂದು ಆಗ ಹೊಳೆದು, ದೂಜಣ್ಣನಿಗೆ ನಾಚಿಕೆಯಾಯಿತು.

ಭಾನುವಾರ ಡಬ್ಬ ಹಿಡಿದು ಹೋಗಿ ಮಾರನ ಮುಖದ ಮೇಲೆ ತೆಳ್ಳಗೆ ಬೂದುಬಣ್ಣ ಎಳೆದ. ಕೈ ನಿಲ್ಲಲಿಲ್ಲ, ಒರೆಸಿ ಅಭ್ಯಾಸವಿದ್ದ ಕೈ.

ಮಾರ ಮಂಕಾದ ಮೇಲೆ ಪಕ್ಕದಲ್ಲಿದ್ದ ಬುದ್ಧ ಕಂಡ.

"ದೂಜಣ್ಣ, ಆ ಕೈ ನೋಡ್ರಿ," ಎಂದಳು ಕಸ್ತೂರಿಬಾಯಿ.

ಅವಸರದಲ್ಲಿ ಬರೆದ ಬೆರಳುಗಳು ನೆಲಕ್ಕಿಂತ ಒಂದು ಗೇಣು ಮೇಲೆಯೇ ನಿಂತಿದ್ದವು. ಇಷ್ಟು ದಿನ ಯಾರೂ ನೋಡಿರಲಿಲ್ಲ, ಬರೆದವನೂ. ದೂಜಣ್ಣ ಸಣ್ಣ ಬ್ರಶ್ ತೆಗೆದುಕೊಂಡು ಗೋಡೆಯ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.