ಬೂಷ್ಟು ಹಿಡಿದ ಕಾಳು, ಅತ್ತೆಯ ಪಾಲು

ನನ್ನ ಅತ್ತೆಗೆ ಒಂದು ಹಿಡಿ ಕಾಳು ಎಸೆಯಲೂ ಕೈ ಬರುತ್ತಿರಲಿಲ್ಲ. ನನಗೋ ಬಾಯಿ ಮುಚ್ಚಿಕೊಂಡಿರುವುದು ಹುಟ್ಟಿದಾಗಿನಿಂದ ಗೊತ್ತಿಲ್ಲ. ಅಸೂಟಿಯ ಆ ಮನೆಯಲ್ಲಿ ನಾವಿಬ್ಬರೂ ಜಗಳವಾಡದ ದಿನ ಬಂದರೆ ಗಂಡಸರು ಗಾಬರಿಯಾಗಿ, ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಿದ್ದರು.

ನಾನು ಗಜೇಂದ್ರಗಡದ ಅಂಗಡಿಕಾರರ ಮಗಳು. ಮದುವೆಯಾಗಿ ಬಂದಾಗ ಇಲ್ಲಿ ಹಿಂಗಾರಿ ಬಿಳಿಜೋಳದ್ದೇ ಕಾರುಬಾರು. ಚಳಿಯಲ್ಲಿ ತೆನೆಗಟ್ಟಿ, ಬಿಸಿಲು ಏರುವ ಹೊತ್ತಿಗೆ ಒಣಗಿ, ಹಲ್ಲಿಗಿಟ್ಟರೆ ಕಟ್ಟೆನ್ನುವ ಕಾಳು. ಆಮೇಲೆ ಮುಂಗಾರಿಗೆ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಬಂತು. ಮೊದಲು ಯಾರದೋ ಒಂದು ಹೊಲ, ನೋಡನೋಡುತ್ತ ರೋಣದ ದಾರಿಯುದ್ದಕ್ಕೂ ಅದೇ. ನಾವೂ ಬಿತ್ತಿದೆವು. ಆದರೆ ಅದು ಕೊಯ್ಲಿಗೆ ಬರುವುದು ಮಳೆ ಇನ್ನೂ ಹೋಗದಿರುವಾಗ, ಮತ್ತು ಈಗಿನ ಮಳೆಗೆ ಹೋಗುವ ಹೊತ್ತೇ ಗೊತ್ತಿಲ್ಲ. ತೆನೆ ಕಟ್ಟುವಾಗ ಸುಡುಬಿಸಿಲು, ರಾಶಿ ಮಾಡುವಾಗ ಜಿಟಿಜಿಟಿ. ತಾಡಪತ್ರಿ ಹೊದಿಸಿದ ರಾಶಿಯೊಳಗೆ ಕೈ ಹಾಕಿದರೆ ಜ್ವರ ಬಂದವರ ಮೈಯಷ್ಟು ಬಿಸಿ ಇರುತ್ತಿತ್ತು. ತೆಗೆದು ಹರವಿದರೆ ಹಸಿರು ಪುಡಿ ಏಳುತ್ತಿತ್ತು.

ಅತ್ತೆ ಮೊರ ಹಿಡಿದು ಕೂತರೆ ಕಾಳು ಮೂರು ಪಾಲಾಗುತ್ತಿತ್ತು. ಹೊಳೆಯುವ ಕಾಳು ಮಕ್ಕಳಿಗೆ, ಬೀಗರು ಬಂದರೆ ಅವರಿಗೆ. ಪೂರ್ತಿ ಹಸಿರಾದದ್ದು ಎಮ್ಮೆಗೆ. ನಡುವಿನದು, ಬಣ್ಣಗೆಟ್ಟು ಮೂತಿ ಕಪ್ಪಾದದ್ದು, ತನಗೆ. ಅದನ್ನು ತೊಳೆದು, ಬಿಸಿಲಿಗೆ ಹಾಕಿ, ಜೋಳದ ಜೊತೆ ಬೀಸಿಸಿ, ತನ್ನ ರೊಟ್ಟಿಯನ್ನು ಬೇರೆ ಬುಟ್ಟಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಈ ಸೀಮೆಯಲ್ಲಿ ಹಿರಿಯ ಹೆಂಗಸಿನ ಪಾಲು ಅಂದರೆ ಅದೇ. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ.

"ಅದು ಮುಗ್ಗಲು ಹಿಡದೈತ್ರಿ, ತಿನಬ್ಯಾಡ್ರಿ" ಎಂದರೆ ನಗುತ್ತಿದ್ದಳು.

"ನಮ್ಮ ಕಾಲಕ್ಕ ಹಗೇವು ಇತ್ತವಾ. ನೆಲದಾಗಿನ ಕಾಳು ತಗದ್ರ ಓಣಿತುಂಬ ಮುಗ್ಗಲು ನಾರತಿತ್ತು. ಅದನ್ನ ತಿಂದ ಹಿಂಗ ಗಟ್ಟಿ ಅದೀನಿ. ಹಂಚಿನ ಮ್ಯಾಲ ಬೆಂಕಿ ಕಂಡಿಂದ ಏನ್ ಉಳಿತೈತಿ?"

ಒಂದು ಸಲ ಊರಿನ ಗುಡಿಯ ಕಟ್ಟೆಯಲ್ಲಿ ಕೃಷಿ ಇಲಾಖೆಯವರೊಬ್ಬರು ಸಭೆ ಮಾಡಿದರು. ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಈ ಬೂಷ್ಟು ಹೊಸದಲ್ಲ, ನಮ್ಮ ಮಣ್ಣಿನಲ್ಲಿ ಮುತ್ತಜ್ಜನ ಕಾಲದಿಂದ ಇದೆ. ಅದರಲ್ಲಿ ವಿಷ ಮಾಡುವ ಜಾತಿಯೂ ಉಂಟು, ಮಾಡದ್ದೂ ಉಂಟು. ಬಿಸಿಲಿಗೆ ಬೆಳೆ ಬಾಡಿ ಸೊರಗಿದ ಕಡೆ ವಿಷದ್ದೇ ಮೇಲುಗೈ. ಗಾಳಿಯಲ್ಲಿ ಹಾರುತ್ತದೆ, ಹಳೆ ಚೀಲದಲ್ಲಿ, ದಂಟಿನಲ್ಲಿ ಮುಂದಿನ ವರ್ಷಕ್ಕೆ ಉಳಿಯುತ್ತದೆ. ತೊಳೆದರೆ ಪುಡಿ ಹೋಗುತ್ತದೆ, ಕಾಳಿನೊಳಗಿನ ವಿಷ ಹೋಗುವುದಿಲ್ಲ. ಒಲೆಯ ಬೆಂಕಿಗೂ ಅದು ಜಗ್ಗುವುದಿಲ್ಲ. ತಿಂದವರ ಪಿತ್ತಕೋಶದ ಮಗ್ಗುಲಿನ ಯಕೃತ್ತನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಮನೆಗೆ ಬಂದು ಅಷ್ಟನ್ನೂ ಅತ್ತೆಯ ಮುಂದೆ ಒದರಿದೆ. ಆಕೆ ನಂಬಲಿಲ್ಲ. ಇಟಗಿಯ ಭೀಮಾಂಬಿಕೆಯ ಮೇಲೆ ಆಣೆ ಮಾಡಿ ಎಂದು ಪೀಡಿಸಿದೆ. ಕೈ ಮುಗಿದು ಆಣೆ ಮಾಡಿಯೇ ಬಿಟ್ಟಳು: "ಮಕ್ಕಳಿಗೆ ಇದರಾಗಿಂದು ಒಂದು ಕಾಳ ಹಾಕಂಗಿಲ್ಲ, ತಾಯಿ." ತಾನು ತಿನ್ನುವ ಮಾತನ್ನೇ ಎತ್ತಲಿಲ್ಲ. ಭಾಳ ಶಾಣ್ಯಾ ಮುದುಕಿ.

ಆ ವರ್ಷವೇ ಎಮ್ಮೆ ಮೇವು ಬಿಟ್ಟಿತು. ಹಾಲು ಇಳಿಯಿತು, ಕಣ್ಣು ಒಳಗೆ ಹೋದವು. ದನದ ಡಾಕ್ಟರು ಬಂದು ಬುಟ್ಟಿಯಲ್ಲಿದ್ದ ಹಸಿರು ಕಾಳು ನೋಡಿದ್ದೇ, "ಇದನ್ನ ಇನ್ನ ಹಾಕಬ್ಯಾಡ್ರಿ" ಎಂದರು. ಅತ್ತೆಯ ಮುಖ ಸಣ್ಣದಾಯಿತು. ಎಮ್ಮೆಯ ಕತ್ತು ಸವರುತ್ತ, "ಮೂಕ ಪ್ರಾಣಿ, ನಿನಗ ವಿಷಾ ಹಾಕಿದ್ನಲ್ಲವಾ" ಎಂದು ಅತ್ತಳು. ಅವತ್ತಿನಿಂದ ಎಮ್ಮೆಗೆ ಒಳ್ಳೆಯ ಕಾಳು. ಎಮ್ಮೆ ಚೇತರಿಸಿಕೊಂಡಿತು. ಇನ್ನು ತನ್ನದನ್ನೂ ಬಿಡುತ್ತಾಳೆ ಎಂದು ನಾನು ಖುಷಿಪಟ್ಟೆ.

ವಾರ ಕಳೆದ ಮೇಲೆ ನೋಡಿದರೆ ಮಾಳಿಗೆಯ ಮೇಲೆ ಎಮ್ಮೆಯ ಪಾಲಿನ ಕಾಳು ತೊಳೆದು ಒಣಹಾಕಿದ್ದಳು. ಎಮ್ಮೆಗೆ ಬೇಡವಾದದ್ದನ್ನೂ ತನ್ನ ಪಾಲಿಗೆ ಸೇರಿಸಿಕೊಂಡಿದ್ದಳು. ನನಗೆ ತಲೆ ಕೆಟ್ಟಿತು. "ಎಮ್ಮಿಗಿಂತ ಕಡಿಮಿ ಏನ್ರಿ ನೀವು?" ಎಂದು ಕೂಗಿದೆ. "ಹೊಲದಾಗಿನ ಕಾಳು ತಿಪ್ಪಿಗೆ ಹ್ಯಾಂಗ ಹಾಕ್ಲಿ?" ಎಂದಳು. ನಾನು ಕಣ್ಣು ತಪ್ಪಿಸಿ ಎಸೆದರೆ ತಿಪ್ಪೆಯಿಂದ ಆರಿಸಿಕೊಂಡು ಬರುತ್ತಿದ್ದಳು.

ಹಲವು ಸುಗ್ಗಿ ಹೀಗೇ ಕಳೆದವು. ಆಮೇಲೆ ಆಕೆಯ ಕಣ್ಣು ಹಳದಿಯಾದವು, ಹೊಟ್ಟೆ ಉಬ್ಬಿತು, ತೋಳು ಕಡ್ಡಿಯಾದವು. ರೋಣದ ದವಾಖಾನೆಯಿಂದ ಹುಬ್ಬಳ್ಳಿಗೆ ಕರೆದೊಯ್ದೆವು. ಯಕೃತ್ತಿನಲ್ಲಿ ಗಡ್ಡೆ. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು, "ಕುಡಿಯೋ ಚಟ ಐತೇನ್ರಿ?" ಚಹಾ ಕೂಡ ಅರ್ಧ ಕಪ್ಪು ಕುಡಿಯುವ ಮುದುಕಿ ಆ ನೋವಿನಲ್ಲೂ ನಕ್ಕಳು. ನಾನು ಕಾಳಿನ ಮಾತು ತೆಗೆದೆ. ಅದರಿಂದಲೂ ಬರಬಹುದು, ಅದರಿಂದಲೇ ಬಂತು ಅಂತ ಹೇಳಲಾಗದು ಎಂದರು. ನನಗೆ ಮಾತ್ರ ಅನುಮಾನವಿರಲಿಲ್ಲ. ಮಳೆಗಾಲ ಬರುವ ಮೊದಲೇ ಹೋಗಿಬಿಟ್ಟಳು. ಜಗಳಕ್ಕೆ ಯಾರೂ ಇಲ್ಲದ ಆ ಅಡುಗೆಮನೆಯಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಈಗ ನಾನೇ ಅತ್ತೆ. ಸೊಸೆ ನರಗುಂದದ ಕಡೆಯವಳು, ಮಾತು ಕಡಿಮೆ, ಕೆಲಸ ಚಲೋ. ಈ ಸಲವೂ ರಾಶಿಯ ಹೊತ್ತಿಗೆ ಮಳೆ ಹಿಡಿಯಿತು. ಹಸನು ಮಾಡಲು ಕೂತಿದ್ದವಳ ಬಳಿ ಹೋದೆ. ಮೊರದ ಮುಂದೆ ಮೂರು ಗುಡ್ಡೆಗಳಿದ್ದವು.

ನಡುವಿನ ಗುಡ್ಡೆ ತೋರಿಸಿ, "ಇದು ಯಾರಿಗೆ?" ಎಂದು ಕೇಳಿದೆ.

"ಅದು ನನಗಿರಲಿ ಬಿಡ್ರಿ ಅತ್ತಿ" ಎಂದಳು, ತಲೆ ಎತ್ತದೆ.

ಗುಡ್ಡೆಯನ್ನು ಕಾಲಿನಿಂದ ಕೆದರಿಬಿಟ್ಟೆ. ಕಾಳನ್ನು ಒದೆಯಬಾರದು, ಗೊತ್ತು. ಹುಡುಗಿ ಬೆದರಿ ಗೋಡೆಗೆ ಸರಿದಳು. "ಹಿತ್ತಲದಾಗ ಗುಂಡಿ ತಗಸಿ ಹೂಳಸ್ತೀನಿ. ಯಾವಾಕಿ ಕಲಿಸಿದಳು ನಿನಗ ಇದನ್ನ?" ಎಂದು ಗದರಿದೆ.

"ಯಾರೂ ಕಲಿಸಿಲ್ರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. "ನಮ್ಮವ್ವ ಹಿಂಗ ತಗದಿಟ್ಟು ತಾ ತಿಂತಾಳ್ರಿ. ಮೊದಲಿಂದನೂ."

ಸಿಟ್ಟು ಎಲ್ಲಿ ಹೋಯಿತೋ. ಅವಳ ಪಕ್ಕದಲ್ಲೇ ನೆಲಕ್ಕೆ ಕೂತೆ.

"ಲಗೂನ ಫೋನ್ ಹಚ್ಚು ನಿಮ್ಮವ್ವಗ" ಎಂದೆ.