ಫೈನ್ ಎನ್ನದ ಶನಿವಾರ

ಲ್ಯಾಂಕಷೈರಿನ ಆ ಮಾರ್ಕೆಟ್ಟಿನಲ್ಲಿ ‘ಫೈನ್’ ಎಂಬ ಮಾತು ಮಾಡದ ಕೆಲಸವಿಲ್ಲ. ಬಿಸಿಲು ಬಂದರೆ ಫೈನ್, ಚೀಸು ಹದಕ್ಕೆ ಬಂದಿದ್ದರೆ ಫೈನ್, ಚಹಾ ಇನ್ನು ಸಾಕು ಎನ್ನುವುದಕ್ಕೂ ಫೈನ್. ಹೆಂಡತಿ ಮಾತು ಬಿಟ್ಟಿದ್ದರಂತೂ ಬಲು ಫೈನ್. ಹೇಗಿದ್ದೀರಿ ಎಂದರೆ ಬೇರೆ ಉತ್ತರ ಕೊಟ್ಟವರನ್ನು ಎನಿಡ್ ಥ್ಯಾಕ್ರೆ ಕಂಡಿರಲಿಲ್ಲ. ಅವಳ ಮಾವ ಸಾಯುವ ಹಿಂದಿನ ದಿನವೂ ಫೈನಾಗಿಯೇ ಇದ್ದರು. ಎನಿಡ್ ಕೂಡ ಕಡಿಮೆಯವಳಲ್ಲ. ಹೊಟ್ಟೆಯ ಗಡ್ಡೆ ತೆಗೆಸಿಕೊಂಡ ಮರುವಾರವೇ ಅಂಗಡಿಯಲ್ಲಿ ನಿಂತು ಅದೇ ಮಾತು ಹೇಳಿದವಳು.

ಮದುವೆಯಾದಾಗಿನಿಂದ ಅವಳ ಬದುಕು ಆ ಚೀಸ್ ಅಂಗಡಿಯ ಹಿಂದೆಯೇ. ಚೀಸು ಕೊಯ್ಯುವ ತಂತಿ ಗಂಡ ಕ್ಲಿಫರ್ಡನ ಕೈಯಲ್ಲಿ, ಗಲ್ಲಾಪೆಟ್ಟಿಗೆ ಅವಳ ಕೈಯಲ್ಲಿ. ಅವನು ಕಣ್ಣಳತೆಯಲ್ಲಿ ತಂತಿ ಎಳೆದರೆ ತಕ್ಕಡಿಗೆ ಹೌದೆನ್ನುವುದಷ್ಟೇ ಕೆಲಸ. ಎಳ್ಳಷ್ಟು ಕಡಿಮೆ ಬೀಳದು. ಹೆಚ್ಚಂತೂ ದೇವರಾಣೆಗೂ ಬೀಳದು.

ಆ ಶನಿವಾರ ಬೆಳಿಗ್ಗೆ ಮುದುಕಿಯೊಬ್ಬಳಿಗೆ ಕೊಯ್ದ ತುಂಡು ಸೊಟ್ಟಗಿತ್ತು, ಬೆರಳಗಲ ಹೆಚ್ಚೂ ಇತ್ತು.

“ಇರ್ಲಿ, ತಗೊಂಡ್ಹೋಗಿ ಅಜ್ಜಿ,” ಎಂದ ಕ್ಲಿಫರ್ಡ್.

ಎನಿಡ್ ತಕ್ಕಡಿ ನೋಡಿದಳು, ಗಂಡನನ್ನು ನೋಡಿದಳು. “ಕ್ಲಿಫ್, ಹೇಗಿದ್ದೀಯೋ?”

“ಫೈನ್ ಕಣೇ.”

ಅವಳು ಹಲಗೆ ಒರೆಸಿದಳು. ಮುಂದಿನ ಗಿರಾಕಿಗೂ ಹೆಚ್ಚೇ ಹೋಯಿತು. ಒರೆಸಿದ ಹಲಗೆಯನ್ನೇ ಮತ್ತೆ ಒರೆಸಿದಳು. ಅವನ ಚಹಾ ಮುಟ್ಟದೆ ಆರಿ ಕೆನೆಗಟ್ಟಿತ್ತು.

ಎದುರಿನ ಅಂಗಡಿಯಲ್ಲಿ ಪೈ ಎಂಬ ಮಾಂಸದ ಕಡುಬು ಮಾರುವ ನೊರೀನ್ ಕೂಗಿದಳು: “ಏನೇ ಎನಿಡ್, ನಿನ್ ಗಂಡ ಧರ್ಮಛತ್ರ ತೆಗೆದ್ನಾ? ನಂಗೂ ಒಂದ್ ಗಡ್ಡೆ ಚೀಸ್ ಕಳ್ಸು!”

ಸುತ್ತಲಿನವರೆಲ್ಲ ನಕ್ಕರು. ಕ್ಲಿಫರ್ಡನೂ ನಕ್ಕ, ಎಲ್ಲರ ನಗು ಮುಗಿದ ಮೇಲೆ. ಬಾಯಲ್ಲಿ ಹೊಗೆಯಾಡುವಷ್ಟು ಚಳಿಯಲ್ಲಿ ಅವನ ಹಣೆ ಬೆವೆತಿತ್ತು. ಎಡಗೈಯನ್ನು ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡಿದ್ದ.

ಹತ್ತು ಸಲ ಕೇಳಿದರೆ ಹತ್ತು ಸಲವೂ ಫೈನ್ ಎನ್ನುವ ಜಾತಿ. ಎನಿಡ್ ಗಲ್ಲಾಪೆಟ್ಟಿಗೆ ಮುಚ್ಚಿದಳು, ತೆರೆದಳು, ಸಾಲಿನಲ್ಲಿ ನಿಂತ ಗಿರಾಕಿಗಳನ್ನು ನೋಡಿದಳು. ಆಮೇಲೆ ಸರಕ್ಕನೆ ಶಟರ್ ಎಳೆದೇಬಿಟ್ಟಳು.

“ತಲೆ ಕೆಟ್ಟಿದ್ಯಾ? ಶನಿವಾರ ಕಣೇ ಇವತ್ತು!” ಎಂದ ಕ್ಲಿಫರ್ಡ್. ದನಿ ಅರ್ಧಕ್ಕೇ ಸೋತಿತು.

ಶಟರ್ ಸದ್ದಿಗೆ ಇಡೀ ಅಂಗಡಿಸಾಲು ಇತ್ತ ತಿರುಗಿತ್ತು. “ಎಲ್ಲಾ ಫೈನ್ ತಾನೇ?” ಎಂದಳು ನೊರೀನ್, ರೂಢಿಯಂತೆ.

ಎನಿಡ್ ಪಕ್ಕದ ಬಾಗಿಲಿನಿಂದ ತಲೆ ಹೊರಹಾಕಿದಳು. “ಇಲ್ಲ ಕಣೇ, ಫೈನಾಗಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡು.”

ನೊರೀನ್ ಕೈಯಲ್ಲಿದ್ದ ಪೈ ಕೆಳಗೆ ಬಿತ್ತು. ಆ ಮಾರ್ಕೆಟ್ಟಿನಲ್ಲಿ ಯಾರೂ ಗಟ್ಟಿಯಾಗಿ ಆಡದ ಮಾತು ಅದು. ಕ್ಲಿಫರ್ಡ್ ಪೆಟ್ಟಿಗೆಯೊಂದರ ಮೇಲೆ ಮೆಲ್ಲಗೆ ಕುಳಿತ.

ಆಂಬುಲೆನ್ಸಿನ ಹುಡುಗಿ ಬಂದವಳೇ ಬಾಗಿ ಕೇಳಿದಳು: “ಹೇಗಿದ್ದೀರಿ ಸರ್?”

ಕ್ಲಿಫರ್ಡ್ ಬಾಯಿ ತೆರೆದ. ಹೆಂಡತಿ ಕಣ್ಣು ಕೆಕ್ಕರಿಸಿದ್ದು ಕಂಡಿತು.

“ಅಷ್ಟೇನ್ ಚೆನ್ನಾಗಿಲ್ಲಮ್ಮ,” ಎಂದ. “ಬೆಳಿಗ್ಗೆಯಿಂದ ಎದೆ ಹಿಂಡ್ತಾ ಇದೆ.”

ಎನಿಡ್ ಆಗ ಕೈಯಲ್ಲಿದ್ದ ಒರೆಸುಬಟ್ಟೆಯನ್ನು ಕೆಳಗಿಟ್ಟಳು.