ಹದಿನಾರು ಸೆಕೆಂಡಿಗೊಂದು ಅಲೆ

ಕೈಗಡಿಯಾರದ ಮುಖವನ್ನು ಅವರು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟುತ್ತಿದ್ದರು. ರೋಗಿಯ ನಾಡಿ ಹಿಡಿದರೆ ಬೆರಳು ಅಲ್ಲಿ, ಕಣ್ಣು ಮುಳ್ಳಿನ ಮೇಲೆ, ತುಟಿ ಮಾತ್ರ ಸದ್ದಿಲ್ಲದೆ ಅಲುಗುತ್ತಿತ್ತು. ಆಗ ಯಾರಾದರೂ ಮಾತಾಡಿಸಿದರೆ ಹುಬ್ಬು ಗಂಟಿಕ್ಕುತ್ತಿದ್ದರು. ಅಷ್ಟಕ್ಕೇ ಎದುರಿನವರ ಬಾಯಿ ಬಂದ್.

ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದ ನರ್ಸು ಅವರು. ಊರಿಗೆಲ್ಲ ಸಿಸ್ಟರಮ್ಮ, ನನಗೆ ಅಕ್ಕ. ಕರಾವಳಿಯ ಮೀನುಗಾರರ ಕೇರಿಯಲ್ಲಿ ಹುಟ್ಟಿ, ನೌಕರಿಯ ಮೇಲೆ ಮೊದಲು ಗುಡೇಕೋಟೆಗೆ, ಆಮೇಲೆ ನಮ್ಮೂರಿಗೆ ಬಂದು ಇಲ್ಲೇ ಉಳಿದವರು. ಇಷ್ಟು ವರ್ಷವಾದರೂ ನಮ್ಮ ನೀರು ಗಡಸು, ಬಿಸಿಲು ಕೆಟ್ಟದ್ದು, ಅಕ್ಕಿ ರುಚಿಯಿಲ್ಲ ಎಂಬ ದೂರು ತಪ್ಪಿರಲಿಲ್ಲ. ನಮ್ಮದು ಲಿಂಗ ಕಟ್ಟಿದವರ ಮನೆ ಅಂತ ಕೋಣೆಯಲ್ಲಿ ಒಂದು ದಿನವೂ ಮೀನು ಬೇಯಿಸಲಿಲ್ಲ. ತಿಂಗಳಿಗೊಂದು ಭಾನುವಾರ ಕೂಡ್ಲಿಗಿಯ ಗೆಳತಿಯ ಮನೆಗೆ ಹೋಗಿ ಉಂಡು ಬರುತ್ತಿದ್ದರು. ಬಂದ ಮೇಲೆ ಎರಡು ದಿನ ಸಿಟ್ಟು ಸ್ವಲ್ಪ ಕಡಿಮೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಓದಿದ್ದು ಸಮುದ್ರದ ಅಲೆಗಳ ಬಗ್ಗೆ. ಅಪ್ಪನ ಕಾಲು ಬಿದ್ದುಹೋದ ಮೇಲೆ ಊರಿಗೆ ಬಂದವನು, ಕರಾವಳಿಯ ಒಂದು ಕಚೇರಿಗೆ ಮನೆಯಿಂದಲೇ ಲೆಕ್ಕ ಮಾಡಿಕೊಡುತ್ತಿದ್ದೆ. ಯಾವ ತಿಂಗಳಲ್ಲಿ ಯಾವ ದಿಕ್ಕಿನಿಂದ ಎಷ್ಟೆತ್ತರದ ಅಲೆ ಬರುತ್ತದೆ, ಎಷ್ಟು ಸೆಕೆಂಡಿಗೊಂದು ಬರುತ್ತದೆ ಎಂದು ಹಲವು ವರ್ಷಗಳ ಗಾಳಿಯನ್ನು ಕಂಪ್ಯೂಟರಿಗೆ ಉಣಿಸಿ ತೆಗೆಯುವ ಲೆಕ್ಕ. ನಡುನಡುವೆ ಕರೆಂಟು ಹೋಗುತ್ತಿತ್ತು, ಮತ್ತೆ ಮೊದಲಿನಿಂದ. ನಮ್ಮವ್ವ ಸಿಸ್ಟರಮ್ಮನ ಮುಂದೆ ನನ್ನ ಮರ್ಯಾದೆ ತೆಗೆಯುತ್ತಿದ್ದಳು: "ನೋಡ್ರಿ, ಕೆರ್ಯಾಗ ಈಜಾಕ ಬರಂಗಿಲ್ಲ, ಸಮುದ್ರ ಅಳಿಯಾಕ ಕುಂತಾನ."

ಅಕ್ಕ ನಗಲಿಲ್ಲ. ಪರದೆಯ ಮೇಲಿನ ನಕಾಶೆಯಲ್ಲಿ ತನ್ನ ಕೇರಿ ಹುಡುಕುತ್ತಿದ್ದರು. ಸಿಕ್ಕಿತು. ಅಲ್ಲೇ, ಮರಳಿನ ಮೇಲೆ, ದೋಣಿ ಎಳೆದಿಡುವ ಕಟ್ಟೆ ಮತ್ತು ಬಲೆ ಇಡುವ ಶೆಡ್ಡು ಕಟ್ಟುವವರಿದ್ದರು ಆ ಕಚೇರಿಯವರು. ನೀರಿನಿಂದ ಎಷ್ಟು ದೂರ ಕಟ್ಟಬೇಕು ಅನ್ನುವುದು ನನ್ನ ಲೆಕ್ಕದ ಮೇಲೆ ನಿಂತಿತ್ತು. ಅವರ ತಮ್ಮನ ದೋಣಿಯೂ ಅಲ್ಲೇ, ತಾಯಿಯ ಮನೆಯೂ ಅಲ್ಲಿಂದ ನಾಲ್ಕು ಹೆಜ್ಜೆ.

ಬೇಸಿಗೆಯಲ್ಲಿ ಸಮುದ್ರ ಶಾಂತ, ಚಿಕ್ಕ ಅಲೆ, ಐದಾರು ಸೆಕೆಂಡಿಗೊಂದು ಎಂದು ನನ್ನ ಲೆಕ್ಕ ಹೇಳಿತು. ವರದಿ ಕಳಿಸಿದೆ, ಹಗುರಾದೆ. ಅಕ್ಕನಿಗೂ ಹೆಮ್ಮೆಯಿಂದ ಹೇಳಿದೆ.

ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಅಂಗಳದಲ್ಲೇ ನಿಂತು ಫೋನನ್ನು ಕಿವಿಗೊತ್ತಿಕೊಂಡಿದ್ದರು. ಕಣ್ಣು ಗಡಿಯಾರದ ಮೇಲೆ, ತುಟಿ ಅಲುಗುತ್ತಿದೆ. ಯಾರದೋ ನಾಡಿಯನ್ನು ಫೋನಿನಲ್ಲಿ ಎಣಿಸುತ್ತಿದ್ದಾರೇನೋ ಅಂದುಕೊಂಡೆ. ಅತ್ತ ಅವರ ತಮ್ಮ ಫೋನನ್ನು ಸಮುದ್ರಕ್ಕೆ ಹಿಡಿದು ನಿಂತಿದ್ದನಂತೆ.

"ಹತ್ತು ಅಲೆಗೆ ಎರಡು ನಿಮಿಷ ನಲವತ್ತು ಸೆಕೆಂಡು," ಅಂದರು. "ಅಂದ್ರೆ ಹದಿನಾರಕ್ಕೊಂದು. ನೀನು ಐದು ಅಂತೀಯ. ನೀರು ಅಮ್ಮನ ಮನೆ ಮೆಟ್ಟಿಲಿಗೆ ಬಂದುಂಟಂತೆ."

"ಅಕ್ಕಾ, ಅಲ್ಲಿ ಗಾಳಿನ ಇಲ್ಲ. ಗಾಳಿ ಇಲ್ದ ಅಲಿ ಎಲ್ಲಿಂದ ಬರ್ತಾವ್ರಿ?"

"ಅದನ್ನ ನನ್ನ ಕೇಳ್ತೀಯಾ? ಓದಿದ್ದು ಯಾರು?"

ನನಗೂ ರೇಗಿತು. ಫೋನಿನಲ್ಲಿ ಕಿವಿಯಿಟ್ಟು ಸಮುದ್ರ ಅಳೆಯುವುದು ನಮ್ಮ ಶಾಸ್ತ್ರದಲ್ಲಿ ಇಲ್ಲ ಅಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು, ನಕಾಶೆ ತೆಗೆ ಅಂದರು. ನಿನ್ನ ಲೆಕ್ಕದಲ್ಲಿ ಸಮುದ್ರ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದರು. ದೇಶದ ತುದಿಯಿಂದ ಕೊಂಚ ಕೆಳಗೆ ಎಳೆದಿದ್ದ ಗೆರೆ ತೋರಿಸಿದೆ. ಅದರಾಚೆ? ಆಚೆಯಿಂದ ಏನೂ ಬರೋದಿಲ್ಲ ಅಂತ ಹಿಡಿದೇನಿ ಅಂದೆ.

"ಯಾರು ಹೇಳಿದ್ದು, ಬರೋದಿಲ್ಲ ಅಂತ?"

ಯಾರೂ ಹೇಳಿರಲಿಲ್ಲ. ದೊಡ್ಡ ಸಮುದ್ರ ಹಿಡಿದರೆ ಕಂಪ್ಯೂಟರು ವಾರಗಟ್ಟಲೆ ಓಡಬೇಕು, ಅದೊಂದು ನೆವ. ನಿಜವೆಂದರೆ ನಾನು ಕೆರೆಯ ದಂಡೆಯಲ್ಲಿ ಬೆಳೆದವನು. ಗಾಳಿ ಬಿಟ್ಟರೆ ತೆರೆ, ನಿಂತರೆ ಕನ್ನಡಿ, ಸುತ್ತ ಏರಿ. ನನ್ನ ಮನಸ್ಸಿನ ಸಮುದ್ರಕ್ಕೂ ಒಂದು ಏರಿಯಿತ್ತು. ಪುಸ್ತಕದಲ್ಲಿ ಓದಿದ್ದೆ: ದೂರ ದಕ್ಷಿಣದ ಹಿಮದ ಕಡಲಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ನಡೆದು, ಬರಬರುತ್ತ ಉದ್ದವಾಗಿ, ಗಾಳಿಯೇ ಇಲ್ಲದ ನಮ್ಮ ದಂಡೆಗೆ ಬಂದು ಏರುತ್ತದೆ ಎಂದು. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಲೆಕ್ಕಕ್ಕೆ ಕೂತಾಗ ಮಾತ್ರ ನಮ್ಮೂರ ಕೆರೆಯನ್ನೇ ಹಿಗ್ಗಿಸಿ ಸಮುದ್ರವೆಂದು ಕರೆದಿದ್ದೆ.

ಗೆರೆ ಅಳಿಸಿ, ದಕ್ಷಿಣದ ಕಡಲನ್ನೂ ಸೇರಿಸಿ ಮತ್ತೆ ಓಡಿಸಿದೆ. ಕರೆಂಟಿನ ಕಾಟದಲ್ಲಿ ತಿಂಗಳ ಮೇಲೆ ಹಿಡಿಯಿತು. ಅಕ್ಕ ಎಣಿಸಿದ ದಿನಕ್ಕೆ ಹದಿನಾರು ಸೆಕೆಂಡೇ ಬಂತು. ಶೆಡ್ಡು ಇನ್ನೂ ಎಷ್ಟೋ ಹಿಂದೆ ಸರಿಯಬೇಕಿತ್ತು. ಕಚೇರಿಗೆ ಬರೆದೆ, ತಪ್ಪು ನನ್ನದೇ ಎಂದು ಒಪ್ಪಿಕೊಂಡು. ಉತ್ತರವಿಲ್ಲ. ಫೋನು ಮಾಡಿದೆ. ವರದಿ ಮಂಜೂರಾಗಿದೆ, ಇನ್ನು ಮುಟ್ಟುವ ಹಾಗಿಲ್ಲ, ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಅಂದರು. ಇದ್ದಬದ್ದ ಧೈರ್ಯ ಕಟ್ಟಿಕೊಂಡು, ಹರಪನಹಳ್ಳಿಯಿಂದ ಬಸ್ಸು ಹಿಡಿದು ಅಲ್ಲಿಗೇ ಹೋದೆ. ಸಾಹೇಬರು ಚಹಾ ಕುಡಿಸಿದರು. ನಿಮ್ಮದೇ ಸಹಿ ಇದೆಯಲ್ಲ ಎಂದು ನನ್ನ ವರದಿಯನ್ನು ನನಗೇ ತೋರಿಸಿದರು.

ವಾಪಸು ಬಂದು ಅಕ್ಕನ ಮುಂದೆ ಅವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ಅವರು ಒಗೆದ ಸಮವಸ್ತ್ರ ಮಡಚುತ್ತಿದ್ದರು. ನಾನು ಸುಸ್ತಾಗಿ ನಿಂತ ಮೇಲೆ ಹೇಳಿದರು:

"ತಪ್ಪು ಮದ್ದು ಕೊಟ್ಟಿದ್ದು ಗೊತ್ತಾದ್ರೆ ಚೀಟಿ ತಿದ್ದಲಿಕ್ಕೆ ಡಾಕ್ಟರು ಬರಲಿ ಅಂತ ಕೂತ್ಕೊಳ್ಳೋದಾ? ಮೊದಲು ರೋಗಿ ಹತ್ರ ಓಡೋದು ಮಾರಾಯಾ. ಬೈಯೋದು ಆಮೇಲೆ."

ಅವರ ತಮ್ಮನ ನಂಬರು ಬರೆದುಕೊಟ್ಟರು. ಅಲೆ ಅಷ್ಟು ದೂರದಿಂದ ನಡೆದು ಬರುವುದರಿಂದ ಮೂರ್ನಾಲ್ಕು ದಿನ ಮುಂಚೆಯೇ ಲೆಕ್ಕದಲ್ಲಿ ಕಾಣುತ್ತದೆ. ಹಲವು ವರ್ಷಗಳ ಲೆಕ್ಕಕ್ಕೆ ತಿಂಗಳು ಬೇಕು, ಕೆಲವೇ ದಿನಗಳದ್ದಕ್ಕೆ ಒಂದು ರಾತ್ರಿ ಸಾಕು. ಕಂಡ ಕೂಡಲೇ ಹೇಳುವುದು, ಅಷ್ಟೇ ನನ್ನ ಕೆಲಸ. ಮೊದಲ ಸಲ ಆತ ನಂಬಲಿಲ್ಲ. ಕೊಟ್ಟೂರಿನವರು ನಮಗೆ ಸಮುದ್ರ ಕಲಿಸುವುದಾ ಎಂದು ಕೇಳಿದ. ನ್ಯಾಯವಾದ ಮಾತು. ಆಮೇಲೆ ಅಕ್ಕ ಫೋನು ಕಸಿದುಕೊಂಡು ತುಳುವಿನಲ್ಲಿ ಏನು ಹೇಳಿದರೋ, ಆತ ದೋಣಿ ಎಳೆದಿಟ್ಟ. ಉಳಿದವರು ಎಳೆಯಲಿಲ್ಲ. ಗಾಳಿಯಿಲ್ಲದ ಒಂದು ಮಧ್ಯಾಹ್ನ ನೀರು ಏರಿ ಬಂದು ಮೂರು ದೋಣಿ ಒಡೆಯಿತು. ಆತನ ದೋಣಿ ಉಳಿಯಿತು. ಅಕ್ಕನಿಗೆ ಅದರಿಂದ ಖುಷಿಯಾಗಲಿಲ್ಲ. ಮೂವರ ಮನೆಯವರೂ ತನ್ನ ಜೊತೆ ಶಾಲೆಗೆ ಹೋದವರು ಅಂದರು.

ಶೆಡ್ಡು ಕಟ್ಟಿದರು. ನನ್ನ ಹಳೆಯ ಅಂಕಿ ಹೇಳಿದ ಜಾಗದಲ್ಲೇ, ಗಟ್ಟಿಯಾಗಿ. ಅದರ ಪಟವನ್ನು ತಮ್ಮ ಕಳಿಸಿದಾಗ ಅಕ್ಕ ದಾವಣಗೆರೆಯ ಆಸ್ಪತ್ರೆಯಲ್ಲಿದ್ದರು. ಹೊಟ್ಟೆಯ ಕಾಯಿಲೆ. ಎಷ್ಟು ದಿನದ ಮಾತು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಪಟ ನೋಡಿ, ಬಣ್ಣ ಒಳ್ಳೇದು ಬಳಿದಿದ್ದಾರೆ ಅಂದರು. ನಾನು ಅತ್ತೆ. ಅತ್ತರೆ ಗೋಡೆ ಹಿಂದೆ ಸರೀತದಾ ಎಂದು ಗದರಿದರು. ಆ ವಾರವೇ ಹೋದರು. ಅವರ ಇಚ್ಛೆಯಂತೆ ಊರಿಗೆ ಒಯ್ದರು. ಆ ಕೇರಿಯ ಸಮುದ್ರವನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಅವತ್ತು.

ನನ್ನ ತಿದ್ದುಪಡಿ ಇವತ್ತಿಗೂ ಕಚೇರಿಯಲ್ಲಿ ಹಾಗೇ ಇದೆ. ಇತ್ತೀಚೆಗೆ ಪಕ್ಕದ ಕೇರಿಗೂ ಅದೇ ಹಳೆಯ ಅಂಕಿ ಬಳಸುತ್ತೇವೆ, ಒಪ್ಪಿಗೆ ಕೊಡಿ ಎಂದು ಪತ್ರ ಬಂತು. ಕೊಡಲಿಲ್ಲ. ಬೇರೆ ಯಾರೋ ಕೊಟ್ಟರಂತೆ. ಈಗ ನನ್ನ ಫೋನಿನಲ್ಲಿ ಆ ಕೇರಿಯವರ ನಂಬರುಗಳೂ ಇವೆ. ದೂರದ ಅಲೆ ಲೆಕ್ಕದಲ್ಲಿ ಕಂಡಾಗಲೆಲ್ಲ ಕೊಟ್ಟೂರಿನಿಂದ ಒಬ್ಬೊಬ್ಬರಿಗೂ ಫೋನು ಮಾಡುತ್ತೇನೆ. ಅವರು ದೋಣಿಗಳನ್ನು ಮೇಲಕ್ಕೆ ಎಳೆಯುತ್ತಾರೆ. ಆಮೇಲೆ, ಬಲೆ ಕಾಪಾಡಲೆಂದು ಕಟ್ಟಿದ ಆ ಶೆಡ್ಡಿನ ಬೀಗ ತೆಗೆದು, ಬಲೆಗಳನ್ನೆಲ್ಲ ಹೊತ್ತು ಮನೆಗೆ ಒಯ್ಯುತ್ತಾರೆ.